ಎಂ.ಎಸ್ಸಿ ಭೌತಶಾಸ್ತ್ರದ ‘ಮ್ಯಾಥಮ್ಯಾಟಿಕಲ್ ಮೆಥಡ್ಸ್’: ಡ್ಯಾಂ, ಮಾಳಿಗೆ, ಮೃದಂಗದ ಲೆಕ್ಕದಲ್ಲಿ

ಬಿ.ಎಸ್ಸಿ ಮುಗಿಸಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೋ ಕಲಬುರಗಿಯಲ್ಲೋ ಎಂ.ಎಸ್ಸಿ ಭೌತಶಾಸ್ತ್ರಕ್ಕೆ ಹೆಸರು ಹಚ್ಚಿದವರಿಗೆ ಬಹುಮಟ್ಟಿಗೆ ಮೊದಲ ಸೆಮಿಸ್ಟರಿನಲ್ಲೇ ಎದುರಾಗುವ ಪೇಪರ್ ಇದು. ಸಿಲಬಸ್ ಪುಟ ತೆರೆದರೆ ಸಾಲುಗಟ್ಟಿ ಹೆಸರುಗಳು: ಗೌಸ್, ಸ್ಟೋಕ್ಸ್, ಕೌಶಿ, ಫೋರಿಯೇ, ಲೆಜಾಂಡ್ರ್, ಬೆಸಲ್, ಹರ್ಮೀಟ್, ಲಗೇರ್. ಒಂದಕ್ಕೊಂದು ಸಂಬಂಧವೇ ಇಲ್ಲದ ಎಂಟು ಅಧ್ಯಾಯ ಎಂದುಕೊಂಡು ಎಂಟನ್ನೂ ಬಾಯಿಪಾಠಕ್ಕೆ ಇಳಿಸುವವರೇ ಹೆಚ್ಚು. ಪೇಪರ್ ಕಷ್ಟವಾಗುವುದು ಅಲ್ಲಿಂದಲೇ. ಅಸಲಿಗೆ ಇಲ್ಲಿರುವುದು ಒಂದೇ ಕೆಲಸ, ಅದನ್ನು ಬೇರೆ ಬೇರೆ ಆಕಾರದ ವಸ್ತುಗಳ ಮೇಲೆ ಮತ್ತೆ ಮತ್ತೆ ಮಾಡಿಸುತ್ತಾರೆ.

ಇದು ಗಣಿತವೋ ಭೌತಶಾಸ್ತ್ರವೋ?

ಗಣಿತ ವಿಭಾಗದವರು ಒಂದು ಪ್ರಮೇಯ ಯಾವಾಗ ಸರಿ, ಯಾವಾಗ ತಪ್ಪು ಎಂದು ಸಾಧಿಸುತ್ತಾರೆ. ಈ ಪೇಪರಿನಲ್ಲಿ ಅದೇ ಪ್ರಮೇಯವನ್ನು ಉಪಕರಣದಂತೆ ಎತ್ತಿಕೊಂಡು ತಾಪ, ಅಲೆ, ವಿದ್ಯುತ್ ಕ್ಷೇತ್ರಗಳ ಲೆಕ್ಕ ಬಿಡಿಸುತ್ತೇವೆ. ಸಾಧನೆ ಬರೆಯುವ ಪ್ರಶ್ನೆ ಕಡಿಮೆ, ಉತ್ತರ ತರುವ ಪ್ರಶ್ನೆ ಹೆಚ್ಚು. ಎರಡನೇ ಸೆಮಿಸ್ಟರಿನ ಕ್ವಾಂಟಂ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಮಿಕ್ಸ್ ಪಾಠಗಳಲ್ಲಿ ಮೇಷ್ಟ್ರು ‘ಇದು ನಿಮಗೆ ಗೊತ್ತೇ ಇದೆ’ ಎಂದು ಹೇಳಿ ದಾಟಿಬಿಡುವ ಹೆಜ್ಜೆಗಳೆಲ್ಲ ಇಲ್ಲಿಯವು. ಅದಕ್ಕೇ ಇದನ್ನು ಮೊದಲು ಇಡುತ್ತಾರೆ.

ಶುರುವಾಗುವ ಮುನ್ನ ಕೈಗೆ ಬರಬೇಕಾದದ್ದು ಐದು: ಇಂಟಿಗ್ರೇಷನ್ ಬೈ ಪಾರ್ಟ್ಸ್, ಪಾರ್ಷಿಯಲ್ ಡಿಫರೆನ್ಷಿಯೇಷನ್, ಟೇಲರ್ ಸರಣಿ, 3 ಅಡ್ಡ 3ರ ಡಿಟರ್ಮಿನೆಂಟ್, ಕಾಂಪ್ಲೆಕ್ಸ್ ಸಂಖ್ಯೆಯ ಪೋಲಾರ್ ರೂಪ. ಗಣಿತ ಬಿಟ್ಟು ಭೌತ–ರಸಾಯನ ಹಿಡಿದು ಬಂದವರಿಗೆ ಇವುಗಳಲ್ಲಿ ಎರಡು ಮೂರು ತುಕ್ಕು ಹಿಡಿದಿರುತ್ತವೆ. ಪರೀಕ್ಷಿಸಿಕೊಳ್ಳಲು ಒಂದೇ ಪ್ರಶ್ನೆ ಸಾಕು: ‘ಐ’ನ (ಋಣ 1ರ ವರ್ಗಮೂಲದ) ವರ್ಗಮೂಲ ಎಷ್ಟು? ‘ಒಂದು ಕೂಡಿಸು ಐ, ಇಡಿಯಾಗಿ ಮೂಲ 2ರಿಂದ ಭಾಗಿಸು, ಅದರ ಋಣ ರೂಪವೂ ಇನ್ನೊಂದು ಮೂಲ’ ಎಂದು ಅರ್ಧ ನಿಮಿಷದಲ್ಲಿ ಬರೆದರೆ ಭಯವಿಲ್ಲ. ತಡವರಿಸಿದರೆ ಕ್ಲಾಸ್ ಆರಂಭವಾಗುವ ಮುಂಚೆ ಎರಡು ವಾರ ಪಿಯುಸಿ ಪುಸ್ತಕಕ್ಕೆ ಮರಳುವುದು ಲೇಸು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈ ವರ್ಗಮೂಲ ಮುಂದೆ ಮಾಳಿಗೆಯ ಲೆಕ್ಕದಲ್ಲಿ ಬೇಕಾಗುತ್ತದೆ.

ತುಂಗಭದ್ರಾ ಡ್ಯಾಂ ಮತ್ತು ಗೌಸ್ ಪ್ರಮೇಯ

ಮೊದಲ ಅಧ್ಯಾಯ ವೆಕ್ಟರ್ ಕ್ಯಾಲ್ಕುಲಸ್. ಡೈವರ್ಜೆನ್ಸ್ ಎಂದರೆ ಒಂದು ಬಿಂದುವಿನ ಸುತ್ತಲಿನ ಚೂರು ಜಾಗದಿಂದ, ಒಂದು ಘಟಕ ಗಾತ್ರಕ್ಕೆ, ನಿವ್ವಳ ಎಷ್ಟು ಹೊರಗೆ ಹರಿಯುತ್ತಿದೆ ಎಂಬ ಲೆಕ್ಕ. ಗೌಸ್ ಪ್ರಮೇಯ ಹೇಳುವುದಿಷ್ಟು: ಒಳಗಿನ ಎಲ್ಲ ಚೂರುಗಳ ಈ ಲೆಕ್ಕ ಕೂಡಿಸಿದರೆ, ಹೊರಗಿನ ಮುಚ್ಚಿದ ಮೇಲ್ಮೈಯನ್ನು ದಾಟಿಹೋದ ಒಟ್ಟು ಮೊತ್ತ ಬರುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳು ದಿನವೂ ಡ್ಯಾಂ ಒಳಹರಿವು, ಹೊರಹರಿವು ಅಚ್ಚು ಹಾಕುತ್ತವೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾದ ಮೇಲಂತೂ ಕ್ಯೂಸೆಕ್, ಟಿಎಂಸಿ ಲೆಕ್ಕ ಊರೂರಿನ ಕಟ್ಟೆಯ ಮಾತಾಯಿತು. ಒಳಗೆ 50,000 ಕ್ಯೂಸೆಕ್, ಹೊರಗೆ 30,000 ಎನ್ನಿ. ವ್ಯತ್ಯಾಸ ಸೆಕೆಂಡಿಗೆ 20,000 ಘನ ಅಡಿ. ದಿನಕ್ಕೆ 86,400 ಸೆಕೆಂಡು, ಗುಣಿಸಿದರೆ 172.8 ಕೋಟಿ ಘನ ಅಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಹಾಗಾಗಿ ಸಂಗ್ರಹ ದಿನಕ್ಕೆ 1.73 ಟಿಎಂಸಿ ಏರಬೇಕು. ನೀರಿನೊಳಗೆ ಯಾರೂ ಇಳಿಯಲಿಲ್ಲ, ಅಂಚಿನಲ್ಲಿ ನಿಂತು ಒಳಗಿನದನ್ನು ಹೇಳಿದೆವು. ವಿದ್ಯುತ್ ಆವೇಶಕ್ಕೆ ಇದನ್ನೇ ಬರೆದರೆ ಅದು ಕಂಟಿನ್ಯುಯಿಟಿ ಸಮೀಕರಣ.

ಈಗ ಎಡವಟ್ಟಾಗುವ ಜಾಗ. ಬೇಸಿಗೆಯಲ್ಲಿ ಈ ಲೆಕ್ಕ ತಾಳೆಯಾಗುವುದಿಲ್ಲ, ಏಕೆಂದರೆ ನೀರು ಆವಿಯಾಗಿ ಮೇಲಿನಿಂದಲೂ ಹೋಗುತ್ತದೆ. ‘ಮುಚ್ಚಿದ’ ಮೇಲ್ಮೈ ಎಂದರೆ ಮೇಲ್ಭಾಗ, ತಳ ಎಲ್ಲವೂ ಸೇರಬೇಕು. ಪರೀಕ್ಷೆಯಲ್ಲಿ ಸಿಲಿಂಡರ್ ಕೊಟ್ಟಾಗ ಬಾಗಿದ ಮೈ ಒಂದನ್ನೇ ಲೆಕ್ಕ ಹಾಕಿ ಎರಡು ಮುಚ್ಚಳಗಳನ್ನು ಬಿಟ್ಟುಬಿಡುವುದು ಇದೇ ತಪ್ಪು, ಪ್ರತಿ ವರ್ಷವೂ ಆಗುವಂಥದ್ದು.

ಮ್ಯಾಟ್ರಿಕ್ಸ್: ಎರಡು ತೂಕ, ಮೂರು ಸ್ಪ್ರಿಂಗ್

ಗೋಡೆ, ಸ್ಪ್ರಿಂಗ್, ತೂಕ, ಸ್ಪ್ರಿಂಗ್, ತೂಕ, ಸ್ಪ್ರಿಂಗ್, ಗೋಡೆ. ತೂಕಗಳೂ ಒಂದೇ, ಸ್ಪ್ರಿಂಗ್‌ಗಳೂ ಒಂದೇ. ಒಂದನ್ನು ಎಳೆದು ಬಿಟ್ಟರೆ ಎರಡೂ ಅಡ್ಡಾದಿಡ್ಡಿ ಅಲ್ಲಾಡುತ್ತವೆ. ಸಮೀಕರಣ ಬರೆದರೆ ಒಂದು ಮ್ಯಾಟ್ರಿಕ್ಸ್ ಸಿಗುತ್ತದೆ: ಮೊದಲ ಸಾಲು 2, –1, ಎರಡನೇ ಸಾಲು –1, 2. ಇದರ ಐಗನ್ ಮೌಲ್ಯಗಳು 1 ಮತ್ತು 3. ಐಗನ್ ವೆಕ್ಟರ್ ಎಂದರೆ ಮ್ಯಾಟ್ರಿಕ್ಸ್ ಗುಣಿಸಿದರೂ ದಿಕ್ಕು ಬದಲಿಸದ ವೆಕ್ಟರ್, ಅದು ಎಷ್ಟು ಪಟ್ಟಾಗುತ್ತದೆ ಎಂಬುದೇ ಐಗನ್ ಮೌಲ್ಯ. ಇಲ್ಲಿ ಅವು ಎರಡು. ಒಂದರಲ್ಲಿ ಎರಡೂ ತೂಕ ಒಟ್ಟಿಗೆ ಒಂದೇ ಕಡೆ ಹೋಗುತ್ತವೆ, ಇನ್ನೊಂದರಲ್ಲಿ ಎದುರುಬದುರು. ಆವರ್ತನದ ವರ್ಗ ಐಗನ್ ಮೌಲ್ಯಕ್ಕೆ ಅನುಪಾತದಲ್ಲಿರುವುದರಿಂದ ಎರಡನೆಯದರ ಆವರ್ತನ ಮೊದಲನೆಯದರ ಮೂಲ 3ರಷ್ಟು, ಅಂದರೆ 1.73 ಪಟ್ಟು. ಗೊಂದಲದಂತೆ ಕಂಡ ಚಲನೆಯೆಲ್ಲ ಈ ಎರಡು ಸರಳ ಚಲನೆಗಳ ಮಿಶ್ರಣ.

ಮೌಲ್ಯ ಸರಿಯೇ ಎಂದು ನೋಡಲು ಹತ್ತು ಸೆಕೆಂಡು ಸಾಕು. ಐಗನ್ ಮೌಲ್ಯಗಳ ಮೊತ್ತ ಕರ್ಣದ ಮೊತ್ತಕ್ಕೆ (1+3 = 2+2), ಗುಣಲಬ್ಧ ಡಿಟರ್ಮಿನೆಂಟಿಗೆ (1×3 = 4–1) ಸಮನಾಗಲೇಬೇಕು. ಇದನ್ನು ನೋಡದೆ ಉತ್ತರಪತ್ರಿಕೆ ಕೊಡುವುದು ಅಂಕ ದಾನ ಮಾಡಿದಂತೆ.

ಮುಂದಿನದೆಲ್ಲ ಈ ಉಪಾಯದ ವಿಸ್ತರಣೆಯೇ. ಎರಡು ತೂಕದ ಬದಲು ಒಂದು ತಂತಿ, ಒಂದು ಚಾವಣಿ, ಒಂದು ಪರಮಾಣು ಇಟ್ಟುಕೊಳ್ಳಿ. ವೆಕ್ಟರ್ ಹೋಗಿ ಫಂಕ್ಷನ್ ಬರುತ್ತದೆ, ಮ್ಯಾಟ್ರಿಕ್ಸ್ ಹೋಗಿ ಡಿಫರೆನ್ಷಿಯಲ್ ಆಪರೇಟರ್ ಬರುತ್ತದೆ. ಕೇಳುವ ಪ್ರಶ್ನೆ ಬದಲಾಗುವುದಿಲ್ಲ: ಈ ವಸ್ತುವಿಗೆ ಒಗ್ಗುವ ಸರಳ ಚಲನೆಗಳು ಯಾವುವು?

ಮಣ್ಣಿನ ಮಾಳಿಗೆ ಮತ್ತು ಆರ್‌ಸಿಸಿ: ಒಂದೇ ಲೆಕ್ಕದಲ್ಲಿ ಅರ್ಧ ಸಿಲಬಸ್

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆ ಮಧ್ಯಾಹ್ನ ತಂಪು. ಆರ್‌ಸಿಸಿ ಮನೆ ಸಂಜೆ ಹೊತ್ತಿಗೆ ಕಾದ ಹಂಚು. ಎಲ್ಲರಿಗೂ ಗೊತ್ತಿರುವ ಈ ಸಂಗತಿಯ ಹಿಂದಿನ ಲೆಕ್ಕವನ್ನು ಬಿಡಿಸುವ ದಾರಿ ತೋರಿಸಿದವರು ಜೋಸೆಫ್ ಫೋರಿಯೇ. 1807ರಲ್ಲಿ ಅವರು ಪ್ಯಾರಿಸಿನ ವಿದ್ವಾಂಸರ ಮುಂದಿಟ್ಟ ಈ ವಿಧಾನವನ್ನು ಲಗ್ರಾಂಜ್‌ರಂಥ ಘಟಾನುಘಟಿಗಳೇ ಒಪ್ಪಲಿಲ್ಲ, ಪುಸ್ತಕವಾಗಿ ಹೊರಬಂದದ್ದು 1822ರಲ್ಲಿ.

ತಾಪದ ಸಮೀಕರಣವನ್ನು ಮಾತಿನಲ್ಲಿ ಹೇಳುವುದಾದರೆ: ಒಂದು ಬಿಂದುವಿನ ತಾಪ ಕಾಲದೊಂದಿಗೆ ಎಷ್ಟು ಬೇಗ ಬದಲಾಗುತ್ತದೆ ಎಂಬುದು, ಆಳದೊಂದಿಗೆ ತಾಪದ ರೇಖೆ ಅಲ್ಲಿ ಎಷ್ಟು ಬಾಗಿದೆ ಎಂಬುದಕ್ಕೆ ಅನುಪಾತದಲ್ಲಿರುತ್ತದೆ. ಅನುಪಾತದ ಸಂಖ್ಯೆಗೆ ಉಷ್ಣ ಡಿಫ್ಯೂಸಿವಿಟಿ ಎಂದು ಹೆಸರು. ತುಳಿದು ಗಟ್ಟಿ ಮಾಡಿದ ಮಣ್ಣಿಗೆ ಅದು ಸೆಕೆಂಡಿಗೆ ಸುಮಾರು 0.5 ಚದರ ಮಿಲಿಮೀಟರ್, ಕಾಂಕ್ರೀಟಿಗೆ ಸುಮಾರು 0.7.

ಮೊದಲ ಹೆಜ್ಜೆ: ಮೇಲ್ಮೈಯ ಬಿಸಿಲನ್ನು ದಿನಕ್ಕೊಮ್ಮೆ ಏರಿಳಿಯುವ ಅಲೆ ಎಂದುಕೊಳ್ಳುವುದು. ಕೋನೀಯ ಆವರ್ತನ (ಒಮೇಗಾ) 2 ಪೈ ಭಾಗಿಸು 86,400, ಅಂದರೆ 1 ಲಕ್ಷ ಸೆಕೆಂಡಿಗೆ 7.27 ರೇಡಿಯನ್.

ಎರಡನೇ ಹೆಜ್ಜೆ: ಸೈನ್, ಕೊಸೈನ್ ಬದಲು ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಷಿಯಲ್ ಬಳಸುವುದು. ಆಗ ಕಾಲದ ಡಿಫರೆನ್ಷಿಯೇಷನ್ ಎಂದರೆ ‘ಐ ಗುಣಿಸು ಒಮೇಗಾ’ ಅಷ್ಟೇ. ಕ್ಯಾಲ್ಕುಲಸ್ ಪ್ರಶ್ನೆ ಬೀಜಗಣಿತಕ್ಕೆ ಇಳಿಯಿತು. ಆಳದೊಂದಿಗೆ ಅಲೆ ಹೇಗೆ ಬದಲಾಗುತ್ತದೆ ಎಂದು ಹೇಳುವ ಸಂಖ್ಯೆಯ ವರ್ಗ ‘ಐ ಒಮೇಗಾ ಭಾಗಿಸು ಡಿಫ್ಯೂಸಿವಿಟಿ’ ಎಂದು ಬರುತ್ತದೆ.

ಮೂರನೇ ಹೆಜ್ಜೆಯೇ ಆ ‘ಐ’ನ ವರ್ಗಮೂಲ. ಅದರಲ್ಲಿ ನಿಜ ಭಾಗವೂ ಕಾಲ್ಪನಿಕ ಭಾಗವೂ ಸಮ ಸಮ ಇವೆಯಷ್ಟೆ. ನಿಜ ಭಾಗ ಅಲೆಯನ್ನು ಕುಗ್ಗಿಸುತ್ತದೆ, ಕಾಲ್ಪನಿಕ ಭಾಗ ತಡ ಮಾಡುತ್ತದೆ. ಮಾಳಿಗೆಯೊಳಗೆ ಬಿಸಿಲು ಕ್ಷೀಣವಾಗಿ, ತಡವಾಗಿ ಇಳಿಯುವ ಎರಡೂ ಗುಣ ಒಂದೇ ವರ್ಗಮೂಲದಿಂದ ಬಂದವು.

ನಾಲ್ಕನೇ ಹೆಜ್ಜೆ: ವರ್ಗಮೂಲ ಎರಡು, ಹಾಗಾಗಿ ಪರಿಹಾರವೂ ಎರಡು. ಒಂದು ಆಳಕ್ಕೆ ಹೋದಂತೆ ಕುಗ್ಗುತ್ತದೆ, ಇನ್ನೊಂದು ಬೆಳೆಯುತ್ತದೆ. ಆಳದಲ್ಲಿ ತಾಪ ಅನಂತಕ್ಕೆ ಹೋಗಲಾರದು, ಆದ್ದರಿಂದ ಎರಡನೆಯದನ್ನು ಬಿಸಾಡುತ್ತೇವೆ. ಬೌಂಡರಿ ಕಂಡಿಷನ್ ಎಂದರೆ ಇದೇ: ಗಣಿತ ಕೊಟ್ಟ ಪರಿಹಾರಗಳಲ್ಲಿ ಯಾವುದು ನಮ್ಮ ವಸ್ತುವಿಗೆ ಸಲ್ಲುತ್ತದೆ ಎಂದು ಅಂಚು ತೀರ್ಮಾನಿಸುತ್ತದೆ.

ಅಂಕಿಗಳನ್ನು ಹಾಕೋಣ. ಅಲೆ ತನ್ನ ಶೇ 37ಕ್ಕೆ ಇಳಿಯುವ ಆಳ, ‘2 ಗುಣಿಸು ಡಿಫ್ಯೂಸಿವಿಟಿ ಭಾಗಿಸು ಒಮೇಗಾ’ದ ವರ್ಗಮೂಲ. ಮಣ್ಣಿಗೆ 11.7 ಸೆಂಟಿಮೀಟರ್, ಕಾಂಕ್ರೀಟಿಗೆ 13.9. ಅಂದರೆ ಮಣ್ಣಿಗೂ ಕಾಂಕ್ರೀಟಿಗೂ ಇರುವ ವ್ಯತ್ಯಾಸ ನಾವು ಅಂದುಕೊಳ್ಳುವಷ್ಟು ದೊಡ್ಡದಲ್ಲ. ದೊಡ್ಡ ವ್ಯತ್ಯಾಸ ದಪ್ಪದ್ದು. 30 ಸೆಂಟಿಮೀಟರ್ ಮಣ್ಣು ಹೊತ್ತ ಮಾಳಿಗೆಯಲ್ಲಿ ಏರಿಳಿತ ಶೇ 8ಕ್ಕೆ ಇಳಿಯುತ್ತದೆ, ತಡ ಸುಮಾರು 9 ಗಂಟೆ 50 ನಿಮಿಷ. ಐದು ಇಂಚಿನ ಸ್ಲ್ಯಾಬಿನಲ್ಲಿ ಶೇ 40 ಉಳಿಯುತ್ತದೆ, ತಡ ಮೂರೂವರೆ ಗಂಟೆ. ಮೇಲ್ಮೈ ಮಧ್ಯಾಹ್ನ 2ಕ್ಕೆ ಗರಿಷ್ಠ ಕಾದಿದ್ದು ಏರಿಳಿತ 20 ಡಿಗ್ರಿ ಇದ್ದರೆ, ಸ್ಲ್ಯಾಬಿನ ಕೆಳಗೆ ಸಂಜೆ ಐದೂವರೆಗೆ 8 ಡಿಗ್ರಿಯ ಏರಿಕೆ. ಮಾಳಿಗೆಯ ಕೆಳಗೆ ನಡುರಾತ್ರಿಯ ಹೊತ್ತಿಗೆ ಒಂದೂವರೆ ಡಿಗ್ರಿ, ಅಷ್ಟರಲ್ಲಿ ಹೊರಗಿನ ಗಾಳಿ ಆರಿರುತ್ತದೆ.

ನಿಜವಾದ ಬಿಸಿಲು ಚೊಕ್ಕ ಸೈನ್ ಅಲೆಯಲ್ಲ. ಸೂರ್ಯ ಮುಳುಗಿದ ಮೇಲೆ ರೇಖೆಯ ಆಕಾರವೇ ಬೇರೆ. ಇಲ್ಲಿ ಫೋರಿಯೇ ಸರಣಿ ಬೇಕು: 24 ಗಂಟೆಯ ಅಲೆ, 12 ಗಂಟೆಯದು, 8 ಗಂಟೆಯದು ಎಂದು ಬಿಡಿಸಿ, ಪ್ರತಿಯೊಂದನ್ನೂ ಬೇರೆಯಾಗಿ ಒಳಗೆ ಇಳಿಸಿ, ಕೊನೆಗೆ ಕೂಡಿಸುವುದು. ಜೋಳ, ಸಜ್ಜೆ, ನವಣೆ ಬೆರೆತ ರಾಶಿಯನ್ನು ಜರಡಿ ಹಿಡಿದು ಬೇರ್ಪಡಿಸುವಂತೆ, ಪ್ರತಿ ಅಲೆಗೂ ಒಂದು ಜರಡಿ ಇದೆ. ರೇಖೆಯನ್ನು ಆ ಅಲೆಯಿಂದ ಗುಣಿಸಿ ಪೂರ್ಣ ಅವಧಿಗೆ ಇಂಟಿಗ್ರೇಟ್ ಮಾಡಿದರೆ ಉಳಿದವೆಲ್ಲ ಸೊನ್ನೆಯಾಗಿ ಅದೊಂದೇ ಉಳಿಯುತ್ತದೆ. ಈ ಗುಣಕ್ಕೆ ಆರ್ಥೋಗೊನಾಲಿಟಿ ಎನ್ನುತ್ತಾರೆ. 12 ಗಂಟೆಯ ಅಲೆ ಮೂಲ 2 ಪಟ್ಟು ಬೇಗ ಕುಗ್ಗುತ್ತದೆ. 30 ಸೆಂಟಿಮೀಟರ್ ಮಣ್ಣಿನಲ್ಲಿ ಅದು ಶೇ 3ಕ್ಕಿಂತ ಕಡಿಮೆ. ಮೇಲೆ ಎಷ್ಟೇ ಮೊನಚಾದ ಏರಿಳಿತವಿರಲಿ, ಆಳದಲ್ಲಿ ಉಳಿಯುವುದು ನುಣುಪಾದ ದಿನದ ಅಲೆ ಮಾತ್ರ.

ಒಂದು ಎಚ್ಚರ. ಮಣ್ಣು ಕೆಳಗೆ ಅನಂತವಾಗಿ ಮುಂದುವರಿಯುತ್ತದೆ ಎಂದು ಹಿಡಿದು ಈ ಲೆಕ್ಕ ಮಾಡಿದೆವು. ಹೊಲಕ್ಕೆ ಅದು ಸರಿ. ಮಾಳಿಗೆಗೆ ಕೆಳಗೂ ಒಂದು ಅಂಚು ಇದೆ, ಅಲ್ಲಿ ಗಾಳಿ ಇದೆ. ಆಗ ಬಿಸಾಡಿದ ಎರಡನೇ ಪರಿಹಾರವನ್ನು ಮರಳಿ ಎತ್ತಿಕೊಳ್ಳಬೇಕಾಗುತ್ತದೆ, ಅಂಕಿಗಳು ಬದಲಾಗುತ್ತವೆ. ಡಿಗ್ರಿಗಳಲ್ಲಿ ನೋಡಿದರೆ ತೆಳು ಸ್ಲ್ಯಾಬಿಗೆ ಬದಲಾವಣೆ ದೊಡ್ಡದು, ದಪ್ಪ ಮಾಳಿಗೆಗೆ ಅಷ್ಟಿಲ್ಲ. ಯಾವ ಅಂದಾಜು ಎಲ್ಲಿ ಮುರಿಯುತ್ತದೆ ಎಂದು ಒಂದು ಸಾಲು ಬರೆಯುವ ವಿದ್ಯಾರ್ಥಿಯನ್ನು ಮೌಲ್ಯಮಾಪಕರು ಬೇಗ ಗುರುತಿಸುತ್ತಾರೆ.

ಬೆಸಲ್, ಲೆಜಾಂಡ್ರ್ ಎಲ್ಲಿಂದ ಬಂದರು?

ವಸ್ತುವಿನ ಆಕಾರ ಬದಲಾದರೆ ಅದಕ್ಕೊಗ್ಗುವ ಫಂಕ್ಷನ್ ಬದಲಾಗುತ್ತದೆ, ‘ಸ್ಪೆಷಲ್ ಫಂಕ್ಷನ್ಸ್’ ಅಧ್ಯಾಯದ ಗುಟ್ಟು ಇಷ್ಟೇ. ಎಳೆದು ಕಟ್ಟಿದ ತಂತಿಗೆ ಸೈನ್ ಅಲೆಗಳು ಸಾಕು, ಅವುಗಳ ಆವರ್ತನ 1, 2, 3, 4 ಎಂಬ ಅನುಪಾತದಲ್ಲಿರುತ್ತದೆ. ಕಿವಿಗೆ ಅದು ಸ್ವರ. ದುಂಡಗಿನ ಚರ್ಮಕ್ಕೆ ಅದೇ ಅಲೆ ಸಮೀಕರಣ ಹಾಕಿ, ಪೋಲಾರ್ ನಿರ್ದೇಶಾಂಕಗಳಲ್ಲಿ ಬರೆದು, ತ್ರಿಜ್ಯದ ಭಾಗ, ಕೋನದ ಭಾಗ ಬೇರೆ ಮಾಡಿದರೆ ತ್ರಿಜ್ಯದ ಭಾಗವೇ ಬೆಸಲ್ ಸಮೀಕರಣ. ಚರ್ಮವನ್ನು ಅಂಚಿನಲ್ಲಿ ಬಿಗಿದಿರುವುದರಿಂದ ಅಲ್ಲಿ ಫಂಕ್ಷನ್ ಸೊನ್ನೆಯಾಗಬೇಕು. ಹಾಗೆ ಸೊನ್ನೆಯಾಗುವ ಜಾಗಗಳು 2.405, 3.832, 5.136, 5.520. ಮೊದಲನೆಯದರಿಂದ ಭಾಗಿಸಿದರೆ 1, 1.59, 2.14, 2.30. ಪೂರ್ಣಾಂಕಗಳಲ್ಲ, ಅದಕ್ಕೇ ಸಾದಾ ಚರ್ಮ ಬಡಿದರೆ ಸದ್ದು ಬರುತ್ತದೆ, ಶ್ರುತಿ ನಿಲ್ಲುವುದಿಲ್ಲ.

ಮೃದಂಗ, ತಬಲಾಗಳ ನಡುವಿನ ಕಪ್ಪು ಕರಣೆ ಈ ಅನುಪಾತವನ್ನೇ ತಿದ್ದುತ್ತದೆ. ನಡುವೆ ತೂಕ ಹೆಚ್ಚಿಸಿ ಆವರ್ತನಗಳನ್ನು 1, 2, 3, 4, 5ರ ಹತ್ತಿರಕ್ಕೆ ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ನೇಚರ್ ಪತ್ರಿಕೆಯಲ್ಲೂ, ಮತ್ತೆ 1934ರಲ್ಲಿ ಇನ್ನಷ್ಟು ವಿವರವಾಗಿಯೂ ಬರೆದರು. ಕರಣೆ ಹಾಕುವ ಕಸುಬಿನವರು ಬೆಸಲ್ ಹುಟ್ಟುವ ಮುಂಚೆಯೇ ಇದನ್ನು ಕೈಯಿಂದ ಕಂಡುಕೊಂಡಿದ್ದರು ಎಂಬುದು ಬೇರೆ ಮಾತು.

ಉಳಿದವರನ್ನೂ ಹೀಗೇ ಗುರುತಿಟ್ಟುಕೊಳ್ಳಬಹುದು. ಗೋಳಾಕಾರದ ಸಮಸ್ಯೆಯ ಕೋನದ ಭಾಗಕ್ಕೆ ಲೆಜಾಂಡ್ರ್, ಕ್ವಾಂಟಂ ಸ್ಪ್ರಿಂಗಿಗೆ ಹರ್ಮೀಟ್, ಹೈಡ್ರೋಜನ್ ಪರಮಾಣುವಿನ ತ್ರಿಜ್ಯಕ್ಕೆ ಲಗೇರ್. ಪ್ರತಿಯೊಂದಕ್ಕೂ ಜನರೇಟಿಂಗ್ ಫಂಕ್ಷನ್ (ಇಡೀ ಸಾಲಿನ ಫಂಕ್ಷನ್‌ಗಳನ್ನು ಗುಣಕಗಳಾಗಿ ಹೊತ್ತ ಒಂದೇ ಸೂತ್ರ), ರಿಕರ್ಷನ್ ಸಂಬಂಧ (ಹಿಂದಿನವುಗಳಿಂದ ಮುಂದಿನದನ್ನು ತರುವ ಸೂತ್ರ), ಆರ್ಥೋಗೊನಾಲಿಟಿ ಎಂದು ಅದೇ ಮೂರು ಪ್ರಶ್ನೆ. ಜನರೇಟಿಂಗ್ ಫಂಕ್ಷನ್ ಒಂದನ್ನು ನೆನಪಿಟ್ಟರೆ ಉಳಿದೆರಡನ್ನು ಅಲ್ಲೇ ಹುಟ್ಟಿಸಬಹುದು. ಸರಿ ಬರೆದಿರೇ ಎಂದು ನೋಡಲು: ಯಾವುದೇ ಲೆಜಾಂಡ್ರ್ ಪಾಲಿನಾಮಿಯಲ್‌ನಲ್ಲಿ ಎಕ್ಸ್ ಬದಲು 1 ಹಾಕಿದರೆ 1 ಬರಬೇಕು.

ಕೌಶಿಯ ಅಡ್ಡದಾರಿ

ಕಾಂಪ್ಲೆಕ್ಸ್ ಇಂಟಿಗ್ರೇಷನ್ ಬಗ್ಗೆ ಚುಟುಕಾಗಿ. ‘1 ಭಾಗಿಸು (1 ಕೂಡಿಸು ಎಕ್ಸ್ ವರ್ಗ)’ ಎಂಬುದನ್ನು ಋಣ ಅನಂತದಿಂದ ಧನ ಅನಂತದವರೆಗೆ ಇಂಟಿಗ್ರೇಟ್ ಮಾಡಬೇಕು. ದಾರಿಯನ್ನು ಮೇಲಿನ ಅರ್ಧವೃತ್ತದಿಂದ ಮುಚ್ಚಿದರೆ ಒಳಗೆ ‘ಐ’ ಎಂಬಲ್ಲಿ ಒಂದು ಪೋಲ್ (ಫಂಕ್ಷನ್ ಅನಂತಕ್ಕೆ ಹೋಗುವ ಬಿಂದು) ಸಿಗುತ್ತದೆ. ಅಲ್ಲಿನ ರೆಸಿಡ್ಯೂ, ಅಂದರೆ ಆ ಪೋಲ್ ಉತ್ತರಕ್ಕೆ ಕೊಡುವ ಸಂಖ್ಯೆ, ‘1 ಭಾಗಿಸು 2 ಐ’, ಅದನ್ನು ‘2 ಪೈ ಐ’ಯಿಂದ ಗುಣಿಸಿದರೆ ಉತ್ತರ ಪೈ. ಎರಡು ಸಾಲಿನ ಕೆಲಸ. ಮೇಲೆ ಮುಚ್ಚಬೇಕೋ ಕೆಳಗೋ ಎಂಬಲ್ಲಿ ಎಡವುವವರು ಜಾಸ್ತಿ. ‘ಈ’ ಎಂಬ ಸಂಖ್ಯೆಯ (2.718) ಘಾತದಲ್ಲಿ ‘ಐ ಕೆ ಎಕ್ಸ್’ ಇದ್ದು ಕೆ ಧನವಾಗಿದ್ದರೆ ಮೇಲೆ, ಋಣವಾಗಿದ್ದರೆ ಕೆಳಗೆ. ಕೆಳಗೆ ಮುಚ್ಚಿದಾಗ ಗಡಿಯಾರದ ದಿಕ್ಕಿನಲ್ಲಿ ಸುತ್ತಿದಂತಾಗುವುದರಿಂದ ಒಂದು ಋಣ ಚಿಹ್ನೆ ಸೇರಿಸಬೇಕು.

ಅಂಕ ಸೋರುವ ಜಾಗಗಳು

ಗೊತ್ತಿದ್ದೂ ತಪ್ಪಾಗುವುದು ಹೆಚ್ಚಾಗಿ ಪುಸ್ತಕದಿಂದ ಪುಸ್ತಕಕ್ಕೆ ಸಂಕೇತ ಬದಲಾಗುವುದರಿಂದ. ಭೌತಶಾಸ್ತ್ರದ ಪುಸ್ತಕದಲ್ಲಿ ಥೀಟಾ ಎಂದರೆ ಝಡ್ ಅಕ್ಷದಿಂದ ಅಳೆದ ಕೋನ, ಗಣಿತದ ಎಷ್ಟೋ ಪುಸ್ತಕಗಳಲ್ಲಿ ಥೀಟಾ ಮತ್ತು ಫೈ ಅದಲು ಬದಲು. ಫೋರಿಯೇ ಟ್ರಾನ್ಸ್‌ಫಾರ್ಮಿನ ಮುಂದಿರುವ 2 ಪೈಯನ್ನು ಕೆಲವರು ಪೂರ್ತಿ ಒಂದೇ ಕಡೆ ಇಡುತ್ತಾರೆ, ಕೆಲವರು ವರ್ಗಮೂಲವಾಗಿ ಎರಡೂ ಕಡೆ ಹಂಚುತ್ತಾರೆ. ಹರ್ಮೀಟ್‌ನ ಎರಡನೇ ಪಾಲಿನಾಮಿಯಲ್ ಭೌತಶಾಸ್ತ್ರದಲ್ಲಿ ‘4 ಎಕ್ಸ್ ವರ್ಗ ಕಳೆ 2’, ಸಂಭವನೀಯತೆಯ ಪುಸ್ತಕದಲ್ಲಿ ‘ಎಕ್ಸ್ ವರ್ಗ ಕಳೆ 1’. ಸೆಮಿಸ್ಟರ್ ಪೂರ್ತಿ ಒಂದೇ ಪುಸ್ತಕ ಹಿಡಿಯಿರಿ, ಎರಡನೆಯದನ್ನು ಲೆಕ್ಕಗಳಿಗಾಗಿ ಮಾತ್ರ ತೆರೆಯಿರಿ. ಪಾಠ ಹಿಡಿಯದಿದ್ದರೆ ಎನ್‌ಪಿಟಿಇಎಲ್ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ) ವಿಡಿಯೊಗಳು ಉಚಿತ, ಆದರೆ ಅಲ್ಲೂ ಮೊದಲು ನೋಡಬೇಕಾದದ್ದು ಅವರ ಸಂಕೇತ ಯಾವುದು ಎಂಬುದನ್ನೇ.

ಗೋಳದ ಗಾತ್ರ ಇಂಟಿಗ್ರೇಟ್ ಮಾಡುವಾಗ ‘ಆರ್ ವರ್ಗ ಗುಣಿಸು ಸೈನ್ ಥೀಟಾ’ ಬಿಟ್ಟುಹೋಗುವುದು ಇನ್ನೊಂದು. ಬಿಟ್ಟಿದೆಯೇ ಎಂದು ನೋಡಲು ಒಳಗೆ ಬರೀ 1 ಇಟ್ಟು ಇಂಟಿಗ್ರೇಟ್ ಮಾಡಿ, ಗೋಳದ ಗಾತ್ರದ ಸೂತ್ರ ಬರದಿದ್ದರೆ ಎಲ್ಲೋ ತಪ್ಪಿದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇದ್ದುಬಿಡುವುದು ಸಣ್ಣ ವಿಷಯ, ಆದರೆ ಬೆಸಲ್, ಫೋರಿಯೇ ಲೆಕ್ಕದಲ್ಲಿ ಎಲ್ಲವೂ ರೇಡಿಯನ್, ಪೂರ್ತಿ ಉತ್ತರ ಹಾಳಾಗುತ್ತದೆ.

ನೆಟ್ ಬರೆಯುವವರಿಗೆ

ಸಿಎಸ್‌ಐಆರ್ ನೆಟ್ (ಸಂಶೋಧನಾ ಫೆಲೋಶಿಪ್, ಕಾಲೇಜು ಬೋಧನೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಭೌತವಿಜ್ಞಾನದ ಪತ್ರಿಕೆ ಮೂರು ಗಂಟೆ, 200 ಅಂಕ. ಎ ಭಾಗದ 20ರಲ್ಲಿ 15, ಬಿ ಭಾಗದ 25ರಲ್ಲಿ 20, ಸಿ ಭಾಗದ 30ರಲ್ಲಿ 20 ಪ್ರಶ್ನೆಗೆ ಉತ್ತರಿಸಬೇಕು. ಒಟ್ಟು 55 ಪ್ರಶ್ನೆ, ಒಂದಕ್ಕೆ ಮೂರು ನಿಮಿಷ ಚಿಲ್ಲರೆ. ಬಿ ಭಾಗದಲ್ಲಿ ಪ್ರಶ್ನೆಗೆ ಮೂರೂವರೆ ಅಂಕ, ಸಿ ಭಾಗದಲ್ಲಿ 5, ತಪ್ಪಿದರೆ ಅದರ ಕಾಲು ಭಾಗ ಕಡಿತ. ಗಣಿತ ವಿಧಾನಗಳ ಪ್ರಶ್ನೆಗಳು ಬಿ ಮತ್ತು ಸಿ ಎರಡರಲ್ಲೂ ಬರುತ್ತವೆ. ಮ್ಯಾಟ್ರಿಕ್ಸ್, ರೆಸಿಡ್ಯೂ, ಫೋರಿಯೇ ಪ್ರಶ್ನೆಗಳು ಮೂರು ನಿಮಿಷದೊಳಗೆ ಮುಗಿಯುವಂಥವು, ಅವನ್ನು ಮೊದಲು ಮುಗಿಸಿ. ಗ್ರೀನ್ ಫಂಕ್ಷನ್, ಗ್ರೂಪ್ ಥಿಯರಿ ಪ್ರಶ್ನೆಗಳು ಸಿ ಭಾಗದಲ್ಲಿ ಹೊತ್ತು ತಿನ್ನುತ್ತವೆ. ಹತ್ತು ಪ್ರಶ್ನೆ ಬಿಡಲು ಅವಕಾಶವಿರುವಾಗ ತಯಾರಿ ಇಲ್ಲದವರು ಬಿಡಬೇಕಾದದ್ದು ಇವನ್ನೇ.